ಮಾಲೀಕನ ಸಾಲ, ತಂಡದ ತಲೆಗೆ

2003ರ ಹೊಸ ವರ್ಷದ ದಿನ ಒಟ್ಟಾವಾ ಸೆನೆಟರ್ಸ್ ತಂಡದ ಆಟಗಾರರ ಕೈಗೆ ಸಂಬಳ ಬರಲಿಲ್ಲ. ಕೆನಡಾದ ರಾಜಧಾನಿಯ ಈ ಐಸ್ ಹಾಕಿ ತಂಡ ಆಗ ಸೋತು ಸುಣ್ಣವಾಗಿದ್ದ ತಂಡವೇನಲ್ಲ. ನಾಯಕ ಡೇನಿಯಲ್ ಆಲ್ಫ್ರೆಡ್‌ಸನ್, ಮಿಂಚಿನಂತೆ ನುಗ್ಗುತ್ತಿದ್ದ ಮರಿಯನ್ ಹೊಸ್ಸಾ, ಗೋಲಿನ ಮುಂದೆ ಪ್ಯಾಟ್ರಿಕ್ ಲಲೀಮ್ ಇದ್ದ ಆ ತಂಡ ಅಂಕಪಟ್ಟಿಯ ಮೇಲ್ತುದಿಯಲ್ಲಿತ್ತು. ಖಾಲಿಯಾಗಿದ್ದದ್ದು ಮಾಲೀಕನ ಖಜಾನೆ. ಜನವರಿ 9ರಂದು, ಸಾಲ ಕೊಟ್ಟವರಿಂದ ರಕ್ಷಣೆ ಬೇಕೆಂದು ತಂಡ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಮುಂದೆ ನಡೆದದ್ದು ಯಾರ ಲೆಕ್ಕಕ್ಕೂ ಸಿಗುವಂಥದಲ್ಲ. ದಿವಾಳಿಯಾದ ಅದೇ ತಂಡ ಆ ಋತುವಿನಲ್ಲಿ 113 ಅಂಕ ಗಳಿಸಿ, ಲೀಗ್‌ನ ಉಳಿದ ಇಪ್ಪತ್ತೊಂಬತ್ತೂ ತಂಡಗಳನ್ನು ಹಿಂದಿಕ್ಕಿ ಪ್ರೆಸಿಡೆಂಟ್ಸ್ ಟ್ರೋಫಿ ಗೆದ್ದಿತು. ಲೀಗ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್‌ನ ಅಂತಿಮ ಸುತ್ತಿಗೆ ಒಂದೇ ಪಂದ್ಯ ಬಾಕಿ ಇದ್ದಾಗ, ತವರಿನಲ್ಲೇ ಆಡಿದ ಏಳನೇ ಪಂದ್ಯದಲ್ಲಿ ನ್ಯೂಜೆರ್ಸಿ ಡೆವಿಲ್ಸ್‌ಗೆ ಸೋತಿತು. ನ್ಯೂಜೆರ್ಸಿಯೇ ಆ ವರ್ಷ ಕಪ್ ಎತ್ತಿತು.

ಮಾಲೀಕನಿಗೆ ದುಡ್ಡಿನ ಮುಗ್ಗಟ್ಟು ಬಂದರೆ ಆಟ ಕೆಡುತ್ತದೆ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅಮೆರಿಕ ಮತ್ತು ಕೆನಡಾದ ನ್ಯಾಷನಲ್ ಹಾಕಿ ಲೀಗ್‌ನ, ಅಂದರೆ ಎನ್‌ಎಚ್‌ಎಲ್‌ನ, ಕಳೆದ ಐವತ್ತು ವರ್ಷಗಳನ್ನು ನೋಡಿದರೆ ಕಾಣುವುದೇ ಬೇರೆ. ಸಾಲದ ಬಿಸಿ ಮೊದಲು ಮಂಜುಗಡ್ಡೆಯ ಮೇಲೆ ಇಳಿಯುವುದಿಲ್ಲ. ಸಂಬಳದ ದಿನಾಂಕ, ತಾರಾ ಆಟಗಾರನ ಕರಾರು, ಅರೀನಾದ ಗುತ್ತಿಗೆ, ನಗರಸಭೆಯ ಬಜೆಟ್, ಇವುಗಳ ಮೇಲೆ ಮೊದಲು ಇಳಿಯುತ್ತದೆ. ಆಟಕ್ಕೆ ತಟ್ಟುವ ಹೊತ್ತಿಗೆ ಒಮ್ಮೊಮ್ಮೆ ಆ ಮಾಲೀಕನೇ ಅಲ್ಲಿರುವುದಿಲ್ಲ.

ನಮ್ಮಲ್ಲಿ ಹಾಕಿ ಎಂದರೆ ಹುಲ್ಲಿನ ಅಥವಾ ಟರ್ಫ್‌ನ ಮೈದಾನ. ಅಲ್ಲಿ ಒಳಾಂಗಣದ ಮಂಜುಗಡ್ಡೆಯ ರಿಂಕ್, ಕಾಲಿಗೆ ಸ್ಕೇಟ್, ಗೋಲ್‌ಕೀಪರ್ ಸೇರಿ ಆರು ಜನರ ತಂಡ, ಚೆಂಡಿನ ಬದಲು ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆ. ಋತುವೊಂದಕ್ಕೆ ತಂಡವೊಂದು ಎಂಬತ್ತಕ್ಕೂ ಹೆಚ್ಚು ಪಂದ್ಯ ಆಡುತ್ತದೆ, ಅದರಲ್ಲಿ ಅರ್ಧ ತವರಿನಲ್ಲಿ. ಟಿಕೆಟ್, ತಿಂಡಿ, ಪಾರ್ಕಿಂಗ್, ಗೋಡೆಯ ಜಾಹೀರಾತು, ಎಲ್ಲ ವರಮಾನವೂ ಆ ಅರೀನಾದ ಸುತ್ತಲೇ ಇದೆ. ತಂಡ ಯಾರದು ಎಂಬಷ್ಟೇ ಮುಖ್ಯವಾದ ಪ್ರಶ್ನೆ ಅರೀನಾ ಯಾರದು ಎಂಬುದು.

ಒಟ್ಟಾವಾದ ಗಂಟು ಬಿದ್ದದ್ದೂ ಅಲ್ಲೇ. ಮಾಲೀಕ ರಾಡ್ ಬ್ರೈಡನ್ ನಗರದ ಅಂಚಿನ ಕನಾಟಾದಲ್ಲಿ ಹೊಸ ಅರೀನಾ ಎಬ್ಬಿಸಿದರು. ಅದು 1996ರಲ್ಲಿ ತೆರೆಯಿತು. ಹೆದ್ದಾರಿಯಿಂದ ಅಲ್ಲಿಗೆ ಇಳಿಯುವ ರಸ್ತೆಯ ಖರ್ಚನ್ನು ಪ್ರಾಂತ್ಯ ಸರ್ಕಾರ ಹೊರಲಿಲ್ಲ, ಅದೂ ತಂಡದ ಹೆಗಲಿಗೇ ಬಿತ್ತು. ಇದರ ಮೇಲೆ ಕರೆನ್ಸಿಯ ಹೊಡೆತ: ಟಿಕೆಟ್ ಮಾರಿ ಬರುತ್ತಿದ್ದದ್ದು ಕೆನಡಾದ ಡಾಲರ್, ಆಟಗಾರರಿಗೆ ಕೊಡಬೇಕಿದ್ದದ್ದು ಅಮೆರಿಕದ ಡಾಲರ್. 2002ರ ಆರಂಭದಲ್ಲಿ ಕೆನಡಾದ ಒಂದು ಡಾಲರ್‌ಗೆ ಸಿಗುತ್ತಿದ್ದದ್ದು ಅಮೆರಿಕದ ಸುಮಾರು 62 ಸೆಂಟ್. ಪಂದ್ಯ ಗೆದ್ದರೂ ಈ ಲೆಕ್ಕ ಸರಿಹೋಗುವಂತಿರಲಿಲ್ಲ. ಇದೇ ಒತ್ತಡ ಕ್ವಿಬೆಕ್ ನಗರದ ತಂಡವನ್ನು 1995ರಲ್ಲಿ ಕೊಲರಾಡೊಗೂ ವಿನಿಪೆಗ್ ತಂಡವನ್ನು 1996ರಲ್ಲಿ ಅರಿಜೋನಾದ ಫೀನಿಕ್ಸ್‌ಗೂ ಅಟ್ಟಿತ್ತು. ಹೊಸ ಹೂಡಿಕೆದಾರರನ್ನು ಕೂಡಿಸಿ ಸಾಲ ತೀರಿಸುವ ಬ್ರೈಡನ್ ಯೋಜನೆ ಕೈಗೂಡಲಿಲ್ಲ.

ನ್ಯಾಯಾಲಯದ ರಕ್ಷಣೆ ಸಿಕ್ಕ ಮೇಲೆ ಮಧ್ಯಂತರ ಸಾಲ ದೊರೆಯಿತು, ಸಂಬಳ ಬಟವಾಡೆಯಾಯಿತು. ಅದೇ ಜನವರಿಯಲ್ಲಿ ಗಡಿಯಾಚೆಯ ಬಫಲೋ ಸೇಬರ್ಸ್ ಕೂಡ ದಿವಾಳಿ ಅರ್ಜಿ ಹಾಕಿತ್ತು. ಅದರ ಮಾಲೀಕ ಜಾನ್ ರೀಗಾಸ್ ಅಡೆಲ್ಫಿಯಾ ಎಂಬ ಕೇಬಲ್ ಕಂಪನಿ ಕಟ್ಟಿದವರು. ಕಂಪನಿಯ ಹಣ ದುರುಪಯೋಗದ ಆರೋಪದ ಮೇಲೆ 2002ರ ಜುಲೈನಲ್ಲಿ ಬಂಧನಕ್ಕೊಳಗಾದರು, 2005ರಲ್ಲಿ 15 ವರ್ಷದ ಶಿಕ್ಷೆಯಾಯಿತು. ಫೆಬ್ರವರಿಯಲ್ಲಿ ದಿವಾಳಿಯಾದ ಬಫಲೋದಿಂದ ದಿವಾಳಿಯಾದ ಒಟ್ಟಾವಾ ವಾತ್ಸ್‌ಲಾವ್ ವರಾಡಾ ಎಂಬ ಆಟಗಾರನನ್ನು ವಿನಿಮಯದಲ್ಲಿ ಪಡೆಯಿತು. ಇಬ್ಬರ ಮನೆಯಲ್ಲೂ ಒಲೆ ಉರಿಯುವುದು ಕಷ್ಟವಿದ್ದರೂ ಒಟ್ಟಾವಾ ಕಪ್ ಗೆಲ್ಲುವ ಆಸೆ ಬಿಟ್ಟಿರಲಿಲ್ಲ. ಆಟಗಾರರೂ ತರಬೇತುದಾರರೂ ತಮ್ಮ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿದರು ಎಂಬುದಕ್ಕೆ ಆ ಋತುವಿನ ಅಂಕಪಟ್ಟಿಗಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಟಗಾರರಿಗೆ ಕರಾರಿನ ಬಲವಿದೆ, ಹಿಂದೆ ಒಕ್ಕೂಟವಿದೆ. ಸಂಬಳ ತಡವಾದರೂ ಸಾಮಾನ್ಯವಾಗಿ ಕೊನೆಗೆ ಕೈಸೇರುತ್ತದೆ. ದಿವಾಳಿ ನ್ಯಾಯಾಲಯದಲ್ಲಿ ಮೊದಲ ಸರದಿ ಅಡಮಾನ ಬರೆಸಿಕೊಂಡ ಬ್ಯಾಂಕುಗಳದು. ಅಡಮಾನವಿಲ್ಲದೆ ನಂಬಿಕೆಯ ಮೇಲೆ ಸರಕು ಕೊಟ್ಟವರು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಟಿಕೆಟ್ ಅಚ್ಚು ಹಾಕಿದವನು, ಬಸ್ ಬಾಡಿಗೆಗೆ ಕೊಟ್ಟವನು, ಅಡುಗೆ ಸಾಮಾನು ಪೂರೈಸಿದವನು ಅಲ್ಲಿರುತ್ತಾರೆ. ತಂಡ ಉಳಿಯಿತು ಎಂದು ಊರು ಸಂಭ್ರಮಿಸುವ ದಿನ ಇವರಿಗೆ ಸಿಗುವುದು ಬಾಕಿಯ ಒಂದು ಪಾಲು ಮಾತ್ರ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಇವರ ಸುದ್ದಿ ಬರುವುದು ಅಪರೂಪ.

ಮಾಲೀಕನ ಮುಗ್ಗಟ್ಟಿಗೆ ಬಲಿಯಾದ ಆಟಗಾರರಲ್ಲಿ ಅತಿ ದೊಡ್ಡ ಹೆಸರು ವೇನ್ ಗ್ರೆಟ್ಸ್ಕಿಯದು. ಐಸ್ ಹಾಕಿಯ ಇತಿಹಾಸದಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದೇ ಬಹುಜನರ ತೀರ್ಮಾನ. ಅವರಿದ್ದ ಎಡ್ಮಂಟನ್ ಆಯಿಲರ್ಸ್ ಐದು ವರ್ಷಗಳಲ್ಲಿ ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ನಾಲ್ಕನೆಯದು 1988ರ ಮೇ ತಿಂಗಳಲ್ಲಿ ಬಂತು. ಅದೇ ಆಗಸ್ಟ್ 9ರಂದು ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಗ್ರೆಟ್ಸ್ಕಿಯನ್ನು ಇನ್ನಿಬ್ಬರ ಜೊತೆ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಸಿಕ್ಕಿದ್ದು ಇಬ್ಬರು ಎಳೆಯ ಆಟಗಾರರು, ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೂರು ಆಯ್ಕೆಯ ಹಕ್ಕು ಮತ್ತು 1.5 ಕೋಟಿ ಡಾಲರ್ ನಗದು. ಈ ವ್ಯಾಪಾರದ ತಿರುಳು ಆ ನಗದಿನಲ್ಲೇ ಇತ್ತು. ಪಾಕ್ಲಿಂಗ್ಟನ್ ಅವರ ಮಾಂಸ ಸಂಸ್ಕರಣೆಯ ಕಂಪನಿ 1986ರಲ್ಲಿ ಉಗ್ರ ಮುಷ್ಕರ ಕಂಡಿತ್ತು, ಅವರ ಹಣಕಾಸು ಸಂಸ್ಥೆ ಅದಕ್ಕೂ ಮೊದಲೇ ಕುಸಿದಿತ್ತು. ಮನೆಯಲ್ಲಿ ಕೈ ಕಟ್ಟಿದಾಗ ಮೊದಲು ಗಿರವಿ ಅಂಗಡಿಗೆ ಹೋಗುವುದು ಮೈಮೇಲಿನ ಒಡವೆ. ತಂಡದ ಮೈಮೇಲಿನ ಒಡವೆ ಗ್ರೆಟ್ಸ್ಕಿ.

ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್ಕಿ ಕಣ್ಣೊರೆಸಿಕೊಳ್ಳುತ್ತ ಮಾತು ಮುಗಿಸಲಾಗದೆ ಕುಳಿತದ್ದನ್ನು ಕೆನಡಾ ಇಂದಿಗೂ ಮರೆತಿಲ್ಲ. ಎಡ್ಮಂಟನ್‌ನಲ್ಲಿ ಪಾಕ್ಲಿಂಗ್ಟನ್ ಪ್ರತಿಕೃತಿ ಸುಟ್ಟರು. ಸರ್ಕಾರವೇ ನಡುವೆ ಬಂದು ಈ ವ್ಯವಹಾರ ತಡೆಯಬೇಕೆಂದು ಸಂಸದ ನೆಲ್ಸನ್ ರೀಸ್ ಒತ್ತಾಯಿಸಿದರು. ಉಳಿದವರು ಗಟ್ಟಿಗರಿದ್ದುದರಿಂದ ಆಯಿಲರ್ಸ್ 1990ರಲ್ಲಿ ಇನ್ನೊಂದು ಕಪ್ ಗೆದ್ದಿತು. ಆದರೆ ಆ ಗಟ್ಟಿಗರಲ್ಲಿ ಮೆಸ್ಸಿಯರ್, ಕುರ್ರಿ, ಫ್ಯೂರ್, ಆಂಡರ್ಸನ್ ಎಲ್ಲರೂ ಹೊರಟುಹೋದರು. ಆ ನಂತರ ಎಡ್ಮಂಟನ್‌ಗೆ ಸ್ಟ್ಯಾನ್ಲಿ ಕಪ್ ಬಂದಿಲ್ಲ. ಪಾಕ್ಲಿಂಗ್ಟನ್ ಸಾಲ ಬೆಳೆದು ಕೊನೆಗೆ ಬ್ಯಾಂಕ್ ತಂಡವನ್ನು ಮಾರಾಟಕ್ಕಿಟ್ಟಿತು. ಹ್ಯೂಸ್ಟನ್‌ನ ಧನಿಕರೊಬ್ಬರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾಗ, 1998ರಲ್ಲಿ ಊರಿನ ಮೂವತ್ತಕ್ಕೂ ಹೆಚ್ಚು ಉದ್ಯಮಿಗಳು ಹಣ ಒಟ್ಟುಗೂಡಿಸಿ ತಂಡವನ್ನು ಉಳಿಸಿಕೊಂಡರು.

ಗ್ರೆಟ್ಸ್ಕಿಯನ್ನು ಕೊಂಡ ಬ್ರೂಸ್ ಮೆಕ್‌ನಾಲ್ ಪುರಾತನ ನಾಣ್ಯಗಳ ವ್ಯಾಪಾರಿ. ಅವರ ಕಾಲದಲ್ಲಿ ಕಿಂಗ್ಸ್ ಹಾಲಿವುಡ್ ತಾರೆಯರನ್ನು ಅರೀನಾಕ್ಕೆ ಸೆಳೆಯಿತು, 1993ರಲ್ಲಿ ಮೊದಲ ಬಾರಿ ಅಂತಿಮ ಸುತ್ತು ಮುಟ್ಟಿತು. ಆದರೆ ಆ ವೈಭವದ ಬುಡದಲ್ಲಿದ್ದದ್ದು ಬ್ಯಾಂಕುಗಳಿಗೆ ತೋರಿಸಿದ ಸುಳ್ಳು ಲೆಕ್ಕ. 23.6 ಕೋಟಿ ಡಾಲರ್‌ನಷ್ಟು ವಂಚನೆಯ ತಪ್ಪನ್ನು 1994ರ ಡಿಸೆಂಬರ್‌ನಲ್ಲಿ ಮೆಕ್‌ನಾಲ್ ಒಪ್ಪಿಕೊಂಡರು, ಸೆರೆಮನೆಗೆ ಹೋದರು. 1995ರಲ್ಲಿ ಕಿಂಗ್ಸ್ ದಿವಾಳಿ ನ್ಯಾಯಾಲಯದ ಮೂಲಕ ಹೊಸ ಮಾಲೀಕರ ಕೈ ಸೇರಿತು. ಮರುವರ್ಷ ಫೆಬ್ರವರಿಯಲ್ಲಿ ಗ್ರೆಟ್ಸ್ಕಿ ಸೇಂಟ್ ಲೂಯಿಸ್‌ಗೆ ಹೋದರು.

ಮಾಲೀಕನಾಗಲು ಬರುವವನ ಜೇಬನ್ನು ಲೀಗ್ ಸರಿಯಾಗಿ ತಡವಿ ನೋಡುತ್ತಿರಲಿಲ್ಲ ಎಂಬುದಕ್ಕೆ ಜಾನ್ ಸ್ಪಾನೊ ಪ್ರಕರಣವೊಂದೇ ಸಾಕು. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವನ್ನು 16.5 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆಂದು ಬಂದ ಈತ 1997ರಲ್ಲಿ ಕೆಲವು ತಿಂಗಳು ಅದನ್ನು ನಡೆಸಿಯೂ ಬಿಟ್ಟ. 1.7 ಕೋಟಿ ಡಾಲರ್ ಕಂತು ಕಟ್ಟಬೇಕಿದ್ದಾಗ ಅವನ ಖಾತೆಯಿಂದ ಬಂದದ್ದು 1,700 ಡಾಲರ್. ಅವನ ಬಳಿ ಅಷ್ಟು ಹಣವೇ ಇರಲಿಲ್ಲ.

ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎರಡು ಬಾರಿ ದಿವಾಳಿಯಾದ ತಂಡ. 1975ರಲ್ಲಿ ಕಚೇರಿಯ ಬಾಗಿಲಿಗೆ ಬೀಗ ಜಡಿದಿದ್ದರು. ಎರಡನೆಯದು 1998ರ ಅಕ್ಟೋಬರ್. ಆಗ ಬಾಕಿ ಪಟ್ಟಿಯಲ್ಲಿ, ಅಡಮಾನವಿಲ್ಲದವರ ಪೈಕಿ ಅತಿ ದೊಡ್ಡ ಮೊತ್ತ ಇದ್ದದ್ದು ಒಬ್ಬ ನಿವೃತ್ತ ಆಟಗಾರನ ಹೆಸರಿನಲ್ಲಿ. ಅವರು ಮಾರಿಯೊ ಲೆಮ್ಯೂ. 1991 ಮತ್ತು 1992ರಲ್ಲಿ ತಂಡಕ್ಕೆ ಕಪ್ ಗೆದ್ದುಕೊಟ್ಟ ನಾಯಕ. ಹಿಂದಿನ ಮಾಲೀಕರು ಅವರ ಸಂಬಳವನ್ನು ಮುಂದೆ ಕೊಡುತ್ತೇವೆಂದು ತಳ್ಳುತ್ತ ಬಂದದ್ದು ಸುಮಾರು 3.25 ಕೋಟಿ ಡಾಲರ್ ಆಗಿತ್ತು. ತಂಡ ಬೇರೆ ಊರಿಗೆ ಹೋದರೆ ಅಥವಾ ಮುಚ್ಚಿದರೆ ಆ ಹಣ ಮುಳುಗಿದಂತೆಯೇ. ಲೆಮ್ಯೂ ತನ್ನ ಬಾಕಿಯ ದೊಡ್ಡ ಪಾಲನ್ನು ತಂಡದ ಷೇರಾಗಿ ಬದಲಿಸಿಕೊಂಡು, ಇತರ ಹೂಡಿಕೆದಾರರನ್ನು ಸೇರಿಸಿಕೊಂಡು, 1999ರ ಸೆಪ್ಟೆಂಬರ್‌ನಲ್ಲಿ ಮಾಲೀಕರಾದರು.

ಅಷ್ಟಕ್ಕೇ ನಿಲ್ಲಲಿಲ್ಲ. 2000ದ ಡಿಸೆಂಬರ್ 27ರಂದು ಟೊರೊಂಟೊ ವಿರುದ್ಧದ ಪಂದ್ಯಕ್ಕೆ, ಗೌರವಾರ್ಥ ಚಾವಣಿಗೆ ಏರಿಸಿದ್ದ ಅವರ 66ನೇ ನಂಬರಿನ ಬ್ಯಾನರ್ ಕೆಳಗಿಳಿಸಿದರು. ಮಾಲೀಕನೇ ಸ್ಕೇಟ್ ಕಟ್ಟಿ ಇಳಿದ. 33ನೇ ಸೆಕೆಂಡಿಗೆ ಅವರ ಪಾಸ್‌ನಿಂದ ಯಾರೊಮಿರ್ ಯಾಗರ್ ಗೋಲು ಹೊಡೆದರು.

ಆ ಯಾಗರ್ ತಂಡದಲ್ಲಿ ಇನ್ನೊಂದು ಋತು ಉಳಿಯಲಿಲ್ಲ. ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರನೆಂಬ ಪ್ರಶಸ್ತಿಯನ್ನು ಐದು ಸಲ, ಅದರಲ್ಲೂ ಕೊನೆಯ ನಾಲ್ಕು ವರ್ಷ ಸತತವಾಗಿ ಗೆದ್ದಿದ್ದ ಅವರ ಸಂಬಳ ತೂಗಿಸುವ ಶಕ್ತಿ ತಂಡಕ್ಕಿರಲಿಲ್ಲ. 2001ರ ಜುಲೈನಲ್ಲಿ ಅವರು ವಾಷಿಂಗ್ಟನ್‌ಗೆ ಹೋದರು. ಬದಲಿಗೆ ಬಂದದ್ದು ಮೂವರು ಎಳೆಯರು ಮತ್ತು ನಗದು. ಮೂವರಲ್ಲಿ ಒಬ್ಬರೂ ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಹೆಸರಾಗಲಿಲ್ಲ. ಪೆಂಗ್ವಿನ್ಸ್ ಮುಂದಿನ ನಾಲ್ಕು ಋತುಗಳಲ್ಲಿ ಪ್ಲೇಆಫ್ ಕಾಣಲಿಲ್ಲ. 2003-04ರಲ್ಲಿ ಅಂಕಪಟ್ಟಿಯಲ್ಲೂ ಪ್ರೇಕ್ಷಕರ ಸಂಖ್ಯೆಯಲ್ಲೂ ಲೀಗ್‌ಗೇ ಕೊನೆಯ ಸ್ಥಾನ. ಆಟದ ಮೇಲೆ ಬಿದ್ದ ಈ ಪೆಟ್ಟು ಹಳೆಯ ಮಾಲೀಕರ ಸಾಲದ್ದು. ಅದನ್ನು ತಿಂದದ್ದು ಹೊಸ ಮಾಲೀಕರ ಕಾಲ.

ಕೆಳಗೆ ಬಿದ್ದ ತಂಡಕ್ಕೆ ಹೊಸಬರ ಆಯ್ಕೆಯಲ್ಲಿ ಮುಂಚಿನ ಸರದಿ ಸಿಗುತ್ತದೆ. ಹಾಗೆ 2003ರಲ್ಲಿ ಗೋಲ್‌ಕೀಪರ್ ಮಾರ್ಕ್-ಆಂದ್ರೆ ಫ್ಲ್ಯೂರಿ, 2004ರಲ್ಲಿ ರಷ್ಯಾದ ಎವ್ಗೆನಿ ಮಾಲ್ಕಿನ್, 2005ರಲ್ಲಿ ಲಾಟರಿಯ ಅದೃಷ್ಟದಿಂದ ಸಿಡ್ನಿ ಕ್ರಾಸ್ಬಿ ಪಿಟ್ಸ್‌ಬರ್ಗ್‌ಗೆ ಬಂದರು. 2009ರಲ್ಲಿ ಕಪ್ ಮತ್ತೆ ಬಂತು. ಬಡತನವೇ ವರವಾಯಿತು ಎಂದು ಇದನ್ನು ಹೊಗಳುವವರಿದ್ದಾರೆ. ಅದು ಸರಿಯಲ್ಲ. ಆ ಲಾಟರಿ ಬೇರೆ ಊರಿಗೆ ಬಿದ್ದಿದ್ದರೆ ಪೆಂಗ್ವಿನ್ಸ್ ಇಂದು ಪಿಟ್ಸ್‌ಬರ್ಗ್‌ನಲ್ಲಿ ಇರುತ್ತಿತ್ತೇ ಎಂಬುದೇ ಅನುಮಾನ.

2004-05ರ ಇಡೀ ಋತು ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. ಆ ಬಳಿಕ ಬಂದ ಒಪ್ಪಂದ ತಂಡವೊಂದು ಸಂಬಳಕ್ಕೆ ಸುರಿಯಬಹುದಾದ ಹಣಕ್ಕೆ ಮೇಲ್ಮಿತಿ ಹಾಕಿತು, ಜೊತೆಗೆ ಕೆಳಮಿತಿಯನ್ನೂ ಇಟ್ಟಿತು. ಮೇಲ್ಮಿತಿ ಸಣ್ಣ ಊರಿನ ತಂಡಗಳನ್ನು ಕಾಪಾಡಿತು ನಿಜ. ಆದರೆ ಮಾಲೀಕನ ಸ್ವಂತ ಸಾಲಕ್ಕೆ ಅದು ಮದ್ದಲ್ಲ. ಟೆಕ್ಸಸ್‌ನ ಟಾಮ್ ಹಿಕ್ಸ್ ಅವರ ಕ್ರೀಡಾ ಕಂಪನಿ 2009ರಲ್ಲಿ 52.5 ಕೋಟಿ ಡಾಲರ್ ಸಾಲದ ಕಂತು ತಪ್ಪಿಸಿದಾಗ, ಅದರ ಒಡೆತನದ ಡಲ್ಲಾಸ್ ಸ್ಟಾರ್ಸ್ ತಂಡ ಎರಡು ವರ್ಷ ಕೈ ಬಿಗಿ ಹಿಡಿದು ಬದುಕಬೇಕಾಯಿತು. 2011ರಲ್ಲಿ ಅದೂ ದಿವಾಳಿ ನ್ಯಾಯಾಲಯದ ಮೂಲಕವೇ ಕೈ ಬದಲಿಸಿತು. ಸತತ ಐದು ಋತು ಪ್ಲೇಆಫ್ ತಪ್ಪಿಸಿಕೊಂಡ ಆ ಕಾಲದ ನಡುವೆ, ಬ್ರಾಡ್ ರಿಚರ್ಡ್ಸ್‌ನಂಥ ಆಟಗಾರ ಕರಾರು ಮುಗಿಸಿ ನ್ಯೂಯಾರ್ಕ್‌ಗೆ ನಡೆದ.

ಎಲ್ಲಕ್ಕಿಂತ ದೀರ್ಘವಾದ ಸಂಕಟ ಅರಿಜೋನಾದ್ದು. ವಿನಿಪೆಗ್‌ನಿಂದ 1996ರಲ್ಲಿ ಬಂದು ಕಯೋಟೀಸ್ ಎಂದು ಹೆಸರಾದ ತಂಡಕ್ಕಾಗಿ ಫೀನಿಕ್ಸ್ ಪಕ್ಕದ ಗ್ಲೆಂಡೇಲ್ ಎಂಬ ಊರು ಸುಮಾರು 18 ಕೋಟಿ ಡಾಲರ್ ಸಾರ್ವಜನಿಕ ಹಣ ಹಾಕಿ ಅರೀನಾ ಕಟ್ಟಿತು. 2003ರ ಡಿಸೆಂಬರ್‌ನಲ್ಲಿ ಅದು ತೆರೆಯಿತು. ಲಾರಿ ಸಾಗಣೆ ಉದ್ಯಮದ ಜೆರ್ರಿ ಮೋಯ್ಸ್ ಮಾಲೀಕರು, ಗ್ರೆಟ್ಸ್ಕಿ ಸಹಮಾಲೀಕ ಮತ್ತು ತರಬೇತುದಾರ. 2009ರ ಮೇ 5ರಂದು ಮೋಯ್ಸ್ ಲೀಗ್‌ಗೆ ಸುಳಿವನ್ನೂ ಕೊಡದೆ ದಿವಾಳಿ ಅರ್ಜಿ ಹಾಕಿದರು. ಜೊತೆಗೇ ಬ್ಲ್ಯಾಕ್‌ಬೆರಿ ಫೋನಿನ ಕಂಪನಿಯ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್ ಹಿಡಿದು ನಿಂತಿದ್ದರು. ತಂಡವನ್ನು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯುವುದು ಅವರ ಷರತ್ತು. ಲೀಗ್ ಕಡುವಾಗಿ ವಿರೋಧಿಸಿತು. ತಂಡ ಎಲ್ಲಿ ಆಡಬೇಕೆಂದು ಹೇಳುವ ಹಕ್ಕು ಮಾಲೀಕನದಲ್ಲ, ಲೀಗ್‌ನದು ಎಂಬುದು ಅದರ ವಾದ. ತಿಂಗಳುಗಟ್ಟಲೆ ವಿಚಾರಣೆಯ ನಂತರ ನ್ಯಾಯಾಧೀಶ ರೆಡ್‌ಫೀಲ್ಡ್ ಬಾಮ್ ಬಾಲ್ಸಿಲಿ ಬಿಡ್ ತಳ್ಳಿಹಾಕಿದರು. ಕೊನೆಗೆ ಲೀಗೇ 14 ಕೋಟಿ ಡಾಲರ್ ಕೊಟ್ಟು ತಂಡ ಕೊಂಡಿತು. ಗ್ರೆಟ್ಸ್ಕಿ ಈ ಗೊಂದಲದ ನಡುವೆಯೇ, ಸುಮಾರು 80 ಲಕ್ಷ ಡಾಲರ್ ಬಾಕಿ ಉಳಿದಿರುವಾಗ, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಎಡ್ಮಂಟನ್, ಲಾಸ್ ಏಂಜಲೀಸ್, ಫೀನಿಕ್ಸ್: ಮಾಲೀಕರ ಸಾಲ ಅವರ ಬದುಕನ್ನು ಮೂರು ಊರುಗಳಲ್ಲಿ ತಟ್ಟಿತು.

ಮಾಲೀಕನೇ ಇಲ್ಲದ ಆ ಮೊದಲ ಋತುವಿನಲ್ಲಿ ಕಯೋಟೀಸ್ 50 ಪಂದ್ಯ ಗೆದ್ದಿತು. ಡೇವ್ ಟಿಪೆಟ್ ವರ್ಷದ ತರಬೇತುದಾರರಾದರು. 2012ರಲ್ಲಿ ತಂಡ ತನ್ನ ವಿಭಾಗ ಗೆದ್ದು ಕಾನ್ಫರೆನ್ಸ್ ಅಂತಿಮದವರೆಗೂ ಹೋಯಿತು. ವಿನಿಪೆಗ್ ದಿನಗಳಿಂದಲೂ ಜೊತೆಗಿದ್ದ ಶೇನ್ ಡೋನ್ ನಾಯಕ. ಅತ್ತ ಗ್ಲೆಂಡೇಲ್ ನಗರಸಭೆ, ತಂಡ ಬಿಟ್ಟುಹೋಗದಿರಲಿ ಎಂದು, ಅರೀನಾ ನಿರ್ವಹಣೆಯ ಹೆಸರಿನಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್‌ನಂತೆ ಎರಡು ವರ್ಷ ಲೀಗ್‌ಗೆ ಕಟ್ಟಿತು. ರಿಂಕ್‌ನಲ್ಲಿ ಬಂದ ಗೆಲುವಿಗೆ ಬೆಲೆ ತೆತ್ತದ್ದು ಆ ಊರಿನ ತೆರಿಗೆದಾರರು.

2013ರಲ್ಲಿ ಹೊಸ ಮಾಲೀಕರು 17 ಕೋಟಿ ಡಾಲರ್‌ಗೆ ಕೊಂಡರೂ ಮುಗ್ಗಟ್ಟು ತೀರಲಿಲ್ಲ. ಇಲ್ಲೇ ಸಂಬಳದ ಕೆಳಮಿತಿಯ ನಿಯಮ ಹೊಸ ದಾರಿ ತೋರಿಸಿತು. ಗಾಯದಿಂದಲೋ ನಿವೃತ್ತಿಯಿಂದಲೋ ಮತ್ತೆಂದೂ ಆಡದ ಆಟಗಾರನ ಕರಾರು ಲೀಗ್‌ನ ಲೆಕ್ಕದಲ್ಲಿ ದೊಡ್ಡ ಮೊತ್ತವಾಗಿ ಕಾಣುತ್ತದೆ. ಕೈಯಿಂದ ಹೋಗುವ ನಗದು ಕಡಿಮೆ. ಗಾಯಾಳುಗಳ ಸಂಬಳದಲ್ಲಿ ವಿಮೆಯೂ ಪಾಲು ಹೊರುತ್ತದೆ. ಅಂಥ ಕರಾರುಗಳನ್ನು ಕಯೋಟೀಸ್ ಬೇರೆ ತಂಡಗಳಿಂದ ಎತ್ತಿಕೊಂಡು ಕೆಳಮಿತಿ ಮುಟ್ಟಿಸತೊಡಗಿತು. ಕ್ರಿಸ್ ಪ್ರಾಂಗರ್ 2015ರ ನವೆಂಬರ್‌ನಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಸೇರುವಾಗ ಕಾಗದದ ಮೇಲೆ ಇನ್ನೂ ಅರಿಜೋನಾದ ಆಟಗಾರ. ರಷ್ಯಾಕ್ಕೆ ಮರಳಿದ್ದ ಪಾವೆಲ್ ದತ್ಸ್ಯೂಕ್ ಹೆಸರೂ ಆ ಪಟ್ಟಿಗೆ ಬಂತು. ಅಂದು ಒಟ್ಟಾವಾದಲ್ಲಿ ಸಂಬಳ ತಪ್ಪಿದ್ದ ಮರಿಯನ್ ಹೊಸ್ಸಾ ಕರಾರೂ 2018ರಲ್ಲಿ ಇಲ್ಲಿಗೇ ಬಂತು. ಆಟದ ಉಡುಪಿನಿಂದ ಚರ್ಮಕ್ಕೆ ಅಲರ್ಜಿಯಾಗಿ ಅವರು ಆಗಲೇ ಆಟ ಬಿಟ್ಟಿದ್ದರು. ಟಿಕೆಟ್ ಕೊಂಡು ಬಂದವರು ಈ ದೊಡ್ಡ ಹೆಸರುಗಳಲ್ಲಿ ಒಬ್ಬರನ್ನೂ ರಿಂಕ್‌ನಲ್ಲಿ ನೋಡಲಿಲ್ಲ. ಅಭಿಮಾನಿಗಳಿಗೆ ಮಾಡಿದ ಅನ್ಯಾಯ ಇದು, ನಿಯಮದೊಳಗೇ ನಡೆದಿದ್ದರೂ.

2019ರಲ್ಲಿ ತಂಡ ಅಲೆಕ್ಸ್ ಮೆರುವೆಲೊ ಕೈಗೆ ಬಂದ ಮೇಲೂ ಬಾಕಿಗಳ ಸುದ್ದಿ ನಿಲ್ಲಲಿಲ್ಲ. ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಗ್ಲೆಂಡೇಲ್ 2021ರ ಆಗಸ್ಟ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ, ತೆರಿಗೆ ಬಾಕಿ ಕಟ್ಟದಿದ್ದರೆ ಅರೀನಾಕ್ಕೆ ಬೀಗ ಹಾಕುವುದಾಗಿ ನೋಟಿಸ್ ಕೊಟ್ಟಿತು. ಆ ನಂತರವೇ ಬಾಕಿ ಪಾವತಿಯಾಯಿತು. 2022ರಿಂದ ಎನ್‌ಎಚ್‌ಎಲ್‌ನ ಈ ತಂಡ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಿಂಕ್‌ನಲ್ಲಿ ಆಡಿತು. ಅಲ್ಲಿ ಐದು ಸಾವಿರ ಜನರಿಗೂ ಜಾಗವಿರಲಿಲ್ಲ. ಹೊಸ ಅರೀನಾದ ಯೋಜನೆಯನ್ನು ಫೀನಿಕ್ಸ್ ಪಕ್ಕದ ಟೆಂಪೆ ನಗರದ ಮತದಾರರು 2023ರ ಮೇ 16ರಂದು ತಿರಸ್ಕರಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಆಟಗಾರರು, ಸಿಬ್ಬಂದಿ, ಆಯ್ಕೆಯ ಹಕ್ಕು, ಎಲ್ಲವೂ 120 ಕೋಟಿ ಡಾಲರ್ ವ್ಯವಹಾರದಲ್ಲಿ ಯೂಟಾದ ರಯಾನ್ ಸ್ಮಿತ್ ಪಾಲಾಯಿತು. 2009ರಲ್ಲಿ 14 ಕೋಟಿಗೆ ಹೋದ ತಂಡ ಅದು.

ಈ ಬೆಲೆ ಏರಿಕೆಯಿಂದ ಒಂದು ಬದಲಾವಣೆಯಾಗಿದೆ. 2003ರಲ್ಲಿ ಯೂಜಿನ್ ಮೆಲ್ನಿಕ್ ಒಟ್ಟಾವಾ ತಂಡವನ್ನೂ ಅರೀನಾವನ್ನೂ ಸೇರಿಸಿ ಕೊಂಡದ್ದು ಅಮೆರಿಕದ ಸುಮಾರು 9.2 ಕೋಟಿ ಡಾಲರ್‌ಗೆ. ಅವರು ತೀರಿಕೊಂಡ ನಂತರ 2023ರಲ್ಲಿ ಅದೇ ತಂಡ 95 ಕೋಟಿಗೆ ಮಾರಾಟವಾಯಿತು. ಕೈ ಸೋತ ಮಾಲೀಕ ಈಗ ಸಂಬಳ ತಪ್ಪಿಸುವಷ್ಟು ದೂರ ಹೋಗಬೇಕಿಲ್ಲ. ಕೊಳ್ಳುವವರು ಬಾಗಿಲಲ್ಲೇ ಇರುತ್ತಾರೆ, ಮಾರಿದವನು ಶ್ರೀಮಂತನಾಗಿಯೇ ಹೊರಬೀಳುತ್ತಾನೆ. ಆಟಗಾರರ ಹೊಟ್ಟೆಪಾಡಿಗೆ ಇದರಿಂದ ಭದ್ರತೆ ಬಂದಿದೆ. ಊರಿಗೆ ಆ ಭದ್ರತೆ ಬಂದಿಲ್ಲ. ಫೀನಿಕ್ಸ್ ಪಕ್ಕದ ಸ್ಕಾಟ್ಸ್‌ಡೇಲ್‌ನಲ್ಲಿ ಕಯೋಟೀಸ್ ಪಂದ್ಯ ನೋಡುತ್ತ ಬೆಳೆದ ಹುಡುಗ ಆಸ್ಟನ್ ಮ್ಯಾಥ್ಯೂಸ್ 2016ರಲ್ಲಿ ಲೀಗ್‌ನ ಮೊದಲ ಆಯ್ಕೆಯಾಗಿ ಟೊರೊಂಟೊಗೆ ಹೋದ. ಮರುಭೂಮಿಯ ಮಕ್ಕಳೂ ಈ ಆಟ ಕಲಿಯಬಲ್ಲರು ಎಂದು ತೋರಿಸಿದ ತಂಡವೇ ಈಗ ಅಲ್ಲಿಲ್ಲ. ತಂಡದ ಹೆಸರನ್ನೂ ಮರಳಿ ಕಟ್ಟುವ ಅವಕಾಶವನ್ನೂ ಮೆರುವೆಲೊ ಉಳಿಸಿಕೊಂಡಿದ್ದರು. ಅರೀನಾಕ್ಕೆ ಬೇಕಿದ್ದ ಜಮೀನಿನ ಹರಾಜು ರದ್ದಾದ ಮೇಲೆ 2024ರ ಜೂನ್‌ನಲ್ಲಿ ಅದನ್ನೂ ಬಿಟ್ಟುಕೊಟ್ಟರು.

ತಂಡ ಬಂದಿಳಿದ, ಯೂಟಾದ ಸಾಲ್ಟ್ ಲೇಕ್ ಸಿಟಿಯ ಅರೀನಾವನ್ನು ಮೂಲತಃ ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ್ದು. ಹಲವು ಆಸನಗಳಿಂದ ಒಂದು ಬದಿಯ ಗೋಲೇ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಹಾಕಿಗೆ ತಕ್ಕಂತೆ ಮಾರ್ಪಡಿಸಲು, ಸುತ್ತಲಿನ ಪ್ರದೇಶವನ್ನು ಅಭಿವೃದ್ಧಿಪಡಿಸಲು ನಗರದ ಮಾರಾಟ ತೆರಿಗೆಯನ್ನು ಶೇ 0.5ರಷ್ಟು ಏರಿಸುವ ನಿರ್ಧಾರಕ್ಕೆ ನಗರಸಭೆ 2024ರ ಅಕ್ಟೋಬರ್‌ನಲ್ಲೇ ಒಪ್ಪಿಗೆ ಕೊಟ್ಟಿತು. ತಂಡ ಅಲ್ಲಿ ತನ್ನ ಮೊದಲ ಪಂದ್ಯ ಆಡಿದ್ದೂ ಅದೇ ತಿಂಗಳಲ್ಲಿ.